ದಾಳ ಉರುಳೋಕೆ ಮುಂಚೆ: ರೂಲ್ಸು ಮತ್ತೆ ಗೇಮ್ ಮಾಸ್ಟರ್ ಸ್ವಾತಂತ್ರ್ಯ, ಎರಡನ್ನೂ ಹೊಂದಿಸ್ಕೊಂಡು ಆಡ್ಸೋದು ಹೇಗೆ

ಇದು ಟೇಬಲ್ ಸುತ್ತ ಕೂತು ಆಡೋ ರೋಲ್‌ಪ್ಲೇಯಿಂಗ್ ಆಟದ ಬಗ್ಗೆ: ಒಬ್ಬೊಬ್ರೂ ಕತೆಲಿ ಒಂದೊಂದು ಕ್ಯಾರೆಕ್ಟರ್ ಆಗ್ತಾರೆ, ಮಾಡಿದ್ದು ಫಲಿಸತ್ತಾ ಅಂತ ದಾಳ ಹೇಳತ್ತೆ, ಉಳಿದ ಜಗತ್ತನ್ನೆಲ್ಲ ನಡೆಸಿ ತೀರ್ಮಾನ ಕೊಡೋರು ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ. ಒಂದು ದೃಶ್ಯ ನೋಡಿ. ಕೋಟೆ ಬಾಗಿಲು. ಮೇಲೆ ಕಬ್ಬಿಣದ ಸರಳಿನ ಗೇಟು ಸರಪಳಿಲಿ ನೇತಾಡ್ತಿದೆ, ಅದರ ಸರಿಯಾಗಿ ಕೆಳಗೆ ಒಂದು ಓಗರ್, ಅಂದ್ರೆ ದೈತ್ಯ ರಾಕ್ಷಸ, ಗದೆ ಎತ್ಕೊಂಡು ನಿಂತಿದೆ. ಫೈಟರ್, ಅಂದ್ರೆ ಯೋಧನ ಕ್ಯಾರೆಕ್ಟರ್, ಆಡ್ತಿರೋನು ಹೇಳ್ತಾನೆ, "ನಾನು ಓಗರ್‌ಗೆ ಹೊಡಿಯಲ್ಲ, ಆ ಸರಪಳಿಗೆ ಹೊಡೀತೀನಿ, ಗೇಟು ಅದರ ತಲೆ ಮೇಲೆ ಬೀಳ್ಲಿ." ಟೇಬಲ್ ಸುತ್ತ ಇರೋರೆಲ್ಲ ಮುಂದಕ್ಕೆ ಬಗ್ಗಿ ನಿಮ್ಮ ಮುಖಾನೇ ನೋಡ್ತಿದಾರೆ. ಗೇಟು ಬಿದ್ರೆ ಎಷ್ಟು ಡ್ಯಾಮೇಜ್ ಅಂತ ರೂಲ್‌ಬುಕ್‌ನಲ್ಲಿ ಎಲ್ಲೂ ಬರ್ದಿಲ್ಲ.

ನಾನು ಜಿಎಂ ಆಗಿ ಆಡ್ಸೋಕೆ ಶುರು ಮಾಡಿದ್ದ ಹೊಸದ್ರಲ್ಲಿ ಹೆಚ್ಚುಕಮ್ಮಿ ಇಂಥದ್ದೇ ಒಂದು ಘಳಿಗೆಲಿ ಪುಸ್ತಕ ತೆಗೆದು ಹುಡುಕೋಕೆ ಕೂತೆ, ಹತ್ತು ನಿಮಿಷ ಹುಡುಕಿದೆ, ವಸ್ತುಗಳಿಗೆ ಎಷ್ಟು ಎಸಿ (ಏಟು ತಾಗೋಕೆ ಬೇಕಾದ ನಂಬರ್) ಅನ್ನೋ ಪುಟ ಸಿಕ್ತು, ಬೀಳೋ ವಸ್ತು ಬಗ್ಗೆ ಏನೂ ಸಿಗ್ಲಿಲ್ಲ, ಅಷ್ಟರಲ್ಲಿ ಆ ಹುಡುಗ "ಇರ್ಲಿ ಬಿಡಿ, ಸುಮ್ನೆ ಕತ್ತಿಲೇ ಹೊಡೀತೀನಿ" ಅಂದ. ಆ ಮಾತು ನಂಗೆ ಇವತ್ತಿಗೂ ಚುಚ್ಚತ್ತೆ. ಅದಾದ್ಮೇಲೆ ನಾನು ಪೂರ್ತಿ ಉಲ್ಟಾ ಹೋದೆ, ಪುಸ್ತಕ ಮುಚ್ಚಿಟ್ಟು ಎಲ್ಲಾನೂ ಬಾಯಲ್ಲೇ ತೀರ್ಮಾನ ಮಾಡೋದು, ಮೂರ್ನಾಲ್ಕು ತಿಂಗಳು ಹಂಗೇ ನಡೀತು, ಚೆನ್ನಾಗಿದೆ ಅಂತಾನೂ ಅನ್ಕೊಂಡಿದ್ದೆ. ಒಂದಿನ ವಿಝಾರ್ಡ್, ಅಂದ್ರೆ ಸ್ಪೆಲ್ (ಮಂತ್ರ) ಹಾಕೋ ಕ್ಯಾರೆಕ್ಟರ್, ಆಡ್ತಿದ್ದೋಳು ಮೆತ್ತಗೆ ಹೇಳಿದ್ಲು: "ನಾನು ಸ್ಪೆಲ್ ಏನು ಮಾಡತ್ತೆ ಅಂತ ಓದೋದೇ ಬಿಟ್ಬಿಟ್ಟೆ, ಹೆಂಗಿದ್ರೂ ಆ ಹೊತ್ತಿಗೆ ನಿಮ್ಗೆ ಅನ್ಸಿದ್ದೇ ಆಗೋದಲ್ವಾ."

ಎರಡು ಸಲವೂ ಕೆಟ್ಟಿದ್ದು ಒಂದೇ ವಿಷ್ಯ. ಆಡೋರು ಯೋಚನೆ ಮಾಡೋದು ನಿಲ್ಲಿಸಿದ್ರು. ಆಮೇಲೆ ನಂಗೆ ಅರ್ಥ ಆಗಿದ್ದು ಇಷ್ಟು: ರೂಲ್ಸು ಅಂದ್ರೆ ಆಡೋರಿಗೆ ಕೊಟ್ಟಿರೋ ಮಾತು, ಅದನ್ನ ನಂಬ್ಕೊಂಡು ಅವ್ರು ಪ್ಲಾನ್ ಮಾಡ್ತಾರೆ. ಮಾತು ಕೊಟ್ಟಿಲ್ಲದ ಜಾಗದಲ್ಲೆಲ್ಲ ಜಿಎಂಗೆ ಪೂರ್ತಿ ಸ್ವಾತಂತ್ರ್ಯ ಇದೆ, ಆದ್ರೆ ಅದನ್ನ ಬಳಸ್ಬೇಕಾದ್ದು ದಾಳ ಉರುಳೋಕೆ ಮುಂಚೆ. ಕೆಳಗಿರೋ ಹಂತಗಳೆಲ್ಲ ಇದೊಂದನ್ನೇ ಟೇಬಲ್ ಮೇಲೆ ಹೆಂಗೆ ನಡೆಸ್ಕೊಂಡು ಹೋಗೋದು ಅನ್ನೋದ್ರ ಬಗ್ಗೆ. ನಂಬರ್‌ಗಳಿಗೆ ನಾನು ಡಂಜನ್ಸ್ ಅಂಡ್ ಡ್ರಾಗನ್ಸ್ ಐದನೇ ಎಡಿಷನ್ನು, ಅಂದ್ರೆ 2014ರದ್ದು, ಅದನ್ನ ಇಟ್ಕೊಂಡಿದೀನಿ, ಯಾಕಂದ್ರೆ ಜಾಸ್ತಿ ಜನಕ್ಕೆ ಗೊತ್ತಿರೋದು ಅದೇ. ಬೇರೆ ಆಟ ಆಡ್ಸೋರು ಲೆಕ್ಕ ಬದಲಾಯಿಸ್ಕೊಳ್ಳಿ, ದಾರಿ ಅದೇ.

ಇನ್ನೊಂದು ಮಾತು, ಈ ಜಗಳ ನಮ್ಮ ಕಾಲದ್ದೇನಲ್ಲ. ಪ್ರಷ್ಯಾದ ಸೈನ್ಯದಲ್ಲಿ ಆಫೀಸರ್‌ಗಳಿಗೆ ಯುದ್ಧ ಕಲ್ಸೋಕೆ ಕ್ರೀಗ್‌ಸ್ಪೀಲ್ ಅಂತ ಒಂದು ಆಟ ಇತ್ತು, 1824ರಲ್ಲಿ ರೈಸ್‌ವಿಟ್ಜ್ ಅನ್ನೋ ಆಫೀಸರ್ ಅದಕ್ಕೆ ದಾಳ, ಲೆಕ್ಕದ ಪಟ್ಟಿಗಳು, ನಡುವೆ ಒಬ್ಬ ಅಂಪೈರ್ ಅಂತೆಲ್ಲ ಕಟ್ಟುನಿಟ್ಟಾಗಿ ಮಾಡಿಟ್ಟ. ಪಟ್ಟಿ ನೋಡಿ ನೋಡಿ ಆಟ ತುಂಬಾ ನಿಧಾನ ಅಂತ 1876ರಲ್ಲಿ ವೆರ್ಡಿ ದು ವೆರ್ನ್ವಾ ಅನ್ನೋ ಇನ್ನೊಬ್ಬ ಆಫೀಸರ್, ಅನುಭವ ಇರೋ ಅಂಪೈರ್ ಇದ್ರೆ ಸಾಕು, ಅವನೇ ತೀರ್ಮಾನ ಕೊಡ್ಲಿ ಅಂತ ಆ ಪಟ್ಟಿಗಳನ್ನ ಪಕ್ಕಕ್ಕೆ ಸರಿಸಿದ. ಆಮೇಲೆ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ರೂ ವಾರ್‌ಗೇಮ್ ಆಡ್ತಿದ್ದ ಗುಂಪುಗಳಿಂದಾನೇ ಬಂದು ಡಿ ಅಂಡ್ ಡಿ ತಂದ್ರು. ಹಂಗಾಗಿ ನಿಮ್ಮ ಟೇಬಲ್‌ನಲ್ಲಿ "ಪುಸ್ತಕದಲ್ಲಿ ಹಂಗಿಲ್ಲ" ಅಂತ ಯಾರಾದ್ರೂ ಅಂದ್ರೆ ಬೇಜಾರಾಗ್ಬೇಡಿ, ಆಟ ಹುಟ್ಟೋ ಮುಂಚಿಂದ ಈ ಚರ್ಚೆ ನಡೀತಿದೆ.

ಹಂತ 1: ಮೊದಲ ದಿನ ದಾಳ ಮುಟ್ಟದೆ ಮಾತಾಡಿ

ಸೆಷನ್ ಝೀರೋ ಅಂತಾರಲ್ಲ, ಅದೇ. ತುಂಬಾ ಜನ ಇದ್ರಲ್ಲಿ ಬರೀ ಕ್ಯಾರೆಕ್ಟರ್ ಮಾಡ್ಕೊಂಡು ಎದ್ದು ಹೋಗ್ತಾರೆ. ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳಿದಾವೆ. ಯಾವ ಪುಸ್ತಕ ಲೆಕ್ಕಕ್ಕೆ ಬರತ್ತೆ, ಯಾವ್ದು ಬರಲ್ಲ? ಕ್ಯಾರೆಕ್ಟರ್ ಸಾಯ್ಬಹುದಾ, ಸತ್ರೆ ಮುಂದೇನು? ಪುಸ್ತಕದಲ್ಲಿ ಒಂದಿದ್ದು ಜಿಎಂ ಇನ್ನೊಂದು ಹೇಳಿದ್ರೆ ಆ ಹೊತ್ತಿಗೆ ಯಾರ ಮಾತು ನಡೀಬೇಕು? ಕೊನೇದಕ್ಕೆ ನನ್ನ ಉತ್ತರ, ಆಟ ನಡೀತಿರೋವಾಗ ಜಿಎಂ ಮಾತು, ಆಟ ಮುಗಿದ್ಮೇಲೆ ಎಲ್ಲಾರ ಮಾತು. ಇದನ್ನ ಬಾಯ್ಬಿಟ್ಟು ಹೇಳಿ, ಎಲ್ಲಾರೂ ಹೂಂ ಅನ್ಲಿ.

ಕತೇಲಿ ಯಾವ ವಿಷ್ಯ ಬೇಡ ಅನ್ನೋದನ್ನೂ ಇಲ್ಲೇ ಕೇಳ್ಬಿಡಿ. ಜಾನ್ ಸ್ಟಾವ್ರೋಪೌಲೋಸ್ ಅವ್ರು ಮಾಡಿದ ಎಕ್ಸ್ ಕಾರ್ಡ್ ಅಂತ ಒಂದು ಸರಳ ಪದ್ಧತಿ ಇದೆ, ಟೇಬಲ್ ಮಧ್ಯೆ ಎಕ್ಸ್ ಬರೆದಿರೋ ಒಂದು ಕಾರ್ಡ್ ಇಟ್ಟಿರ್ತಾರೆ, ಯಾರಿಗಾದ್ರೂ ನಡೀತಿರೋದು ಸಹಿಸೋಕಾಗ್ಲಿಲ್ಲ ಅಂದ್ರೆ ಅದನ್ನ ಮುಟ್ಟಿದ್ರೆ ಸಾಕು, ಕಾರಣ ಕೇಳದೆ ಆ ದೃಶ್ಯ ಬದಲಾಯಿಸ್ಬೇಕು. ಜಿಎಂ ಸ್ವಾತಂತ್ರ್ಯಕ್ಕೆ ಇದು ಅಡ್ಡಿ ಅಂತ ಕೆಲವರು ಹೇಳ್ತಾರೆ. ನಂಗೆ ಹಂಗನ್ಸಲ್ಲ, ಬೇಲಿ ಎಲ್ಲಿದೆ ಅಂತ ಗೊತ್ತಿದ್ರೆ ಹೊಲದೊಳಗೆ ಧೈರ್ಯವಾಗಿ ಓಡಾಡ್ಬಹುದು.

ಆಟ ಯಾವ್ದು ಅನ್ನೋದೂ ಇಲ್ಲೇ ತೀರ್ಮಾನ ಆಗ್ಲಿ. ಪಾತ್‌ಫೈಂಡರ್ ಎರಡನೇ ಎಡಿಷನ್ ಥರದ್ದು ಆರಿಸ್ಕೊಂಡ್ರೆ ಪ್ರತಿಯೊಂದಕ್ಕೂ ರೂಲ್ ಇದೆ, ಅದೇ ಅದರ ಖುಷಿ, ಅಲ್ಲಿ ಹೋಗಿ ಎಲ್ಲಾನೂ ಬಾಯಲ್ಲಿ ತೀರ್ಮಾನ ಮಾಡ್ತೀನಿ ಅಂದ್ರೆ ಆಡೋರು ಕಷ್ಟಪಟ್ಟು ಆರಿಸಿದ ಫೀಟ್‌ಗಳಿಗೆ (ವಿಶೇಷ ಶಕ್ತಿಗಳಿಗೆ) ಬೆಲೆನೇ ಇರಲ್ಲ. ವಿನ್ಸೆಂಟ್ ಬೇಕರ್ ಅವ್ರ 2010ರ ಅಪೋಕ್ಯಾಲಿಪ್ಸ್ ವರ್ಲ್ಡ್ ದಾರಿಲಿ ಬಂದ ಫ್ಯಾಂಟಸಿ ಆಟಗಳಲ್ಲಿ ಇದೇ ಬೇರೆ ಥರ, ಅಲ್ಲಿ ಎರಡು ಆರು ಮುಖದ ದಾಳ, 10 ಅಥವಾ ಮೇಲೆ ಬಿದ್ರೆ ಪೂರ್ತಿ ಗೆಲುವು, 7ರಿಂದ 9 ಬಿದ್ರೆ ಕೆಲಸ ಆಗತ್ತೆ ಆದ್ರೆ ಏನಾದ್ರೂ ಕಳ್ಕೋಬೇಕು, 6 ಅಥವಾ ಕಮ್ಮಿ ಬಿದ್ರೆ ಜಿಎಂ ಸರದಿ. ಬೋನಸ್ ಏನೂ ಇಲ್ಲ ಅಂದ್ರೆ ಆ ನಡುವಿಂದು ನೂರಕ್ಕೆ 42 ಸಲ ಬರತ್ತೆ, ಅಂದ್ರೆ ಜಿಎಂ ಕಲ್ಪನೆಗೆ ಜಾಗ ರೂಲ್‌ನೊಳಗೇ ಇಟ್ಟಿದಾರೆ. ನಿಮ್ಮ ಗುಂಪಿನ ಸ್ವಭಾವ ನೋಡ್ಕೊಂಡು ಆರಿಸಿ, ಆಮೇಲೆ ಅರ್ಧ ತಲೆನೋವು ಬರೋದೇ ಇಲ್ಲ.

ಹಂತ 2: ಯಾವ್ದು ಕಂಬ, ಯಾವ್ದು ಗೋಡೆ ಅಂತ ತಿಳ್ಕೊಳ್ಳಿ

ಮನೇಲಿ ಗೋಡೆ ಒಡೆದು ಕಿಟಕಿ ಇಡ್ಬಹುದು, ಕಂಬ ತೆಗೆದ್ರೆ ಮೇಲಿಂದು ತಲೆ ಮೇಲೆ ಬರತ್ತೆ. ರೂಲ್ಸ್‌ನಲ್ಲೂ ಹಂಗೇ. ಬಾಣ ಎಷ್ಟು ಉಳಿದಿದೆ, ಬ್ಯಾಗ್ ಎಷ್ಟು ಭಾರ, ಇವೆಲ್ಲ ಜಾಸ್ತಿ ಆಟಗಳಲ್ಲಿ ಗೋಡೆ, ಬೇಡ ಅಂದ್ರೆ ಬಿಡಿ. ಒಂದು ಟರ್ನ್‌ನಲ್ಲಿ ಒಂದು ಆಕ್ಷನ್ (ಮುಖ್ಯ ಕೆಲಸ), ಒಂದೇ ಬೋನಸ್ ಆಕ್ಷನ್ (ಜೊತೆಗೊಂದು ಚಿಕ್ಕ ಕೆಲಸ), ಒಂದು ರೌಂಡ್‌ಗೆ ಒಂದೇ ರಿಯಾಕ್ಷನ್ (ಬೇರೆಯವ್ರು ಮಾಡಿದ್ದಕ್ಕೆ ತಕ್ಷಣದ ಪ್ರತಿಕ್ರಿಯೆ), ಇದು ಕಂಬ. ಕಾನ್ಸನ್ಟ್ರೇಷನ್, ಅಂದ್ರೆ ಗಮನ ಇಟ್ಟು ಹಿಡ್ಕೋಬೇಕಾದ ಸ್ಪೆಲ್ ಒಂದ್ಸಲಕ್ಕೆ ಒಂದೇ ಅನ್ನೋ ರೂಲ್, ಅದೂ ಕಂಬ, ಅದೊಂದು ಇರೋದ್ರಿಂದಾನೇ ಸ್ಪೆಲ್ ಹಾಕೋರು ಒಂದೇ ಸಲ ಮೂರ್ನಾಲ್ಕು ದೊಡ್ಡ ಸ್ಪೆಲ್ ಓಡಿಸ್ಕೊಂಡು ಕತ್ತಿ ಹಿಡಿದೋರನ್ನ ಮೂಲೇಲಿ ಕೂರಿಸೋಕಾಗಲ್ಲ. ರೆಸ್ಟ್ ಕೂಡ ಕಂಬ, ಶಾರ್ಟ್ ರೆಸ್ಟ್ ಒಂದು ಗಂಟೆ, ಲಾಂಗ್ ರೆಸ್ಟ್ ಎಂಟು ಗಂಟೆ ಅಂತ ಇರೋದ್ರ ಮೇಲೆ ಯಾರ ಶಕ್ತಿ ಎಷ್ಟು ಹೊತ್ತು ಬರತ್ತೆ ಅನ್ನೋ ಇಡೀ ಲೆಕ್ಕ ನಿಂತಿದೆ.

ಕಂಬ ಹೌದೋ ಅಲ್ವೋ ಅಂತ ಅನುಮಾನ ಬಂದ್ರೆ ಒಂದೇ ಪ್ರಶ್ನೆ ಕೇಳ್ಕೊಳ್ಳಿ, ಈ ರೂಲ್ ತೆಗೆದ್ರೆ ಟೇಬಲ್‌ನಲ್ಲಿ ಕೂತಿರೋ ಯಾರಾದ್ರೂ ಆರಿಸ್ಕೊಂಡಿರೋ ಶಕ್ತಿ ಸುಮ್ನೆ ದಂಡ ಆಗತ್ತಾ? ಉದಾಹರಣೆಗೆ ಫ್ಲ್ಯಾಂಕಿಂಗ್. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಅದು ಐಚ್ಛಿಕ ರೂಲ್, ಇಬ್ರು ಶತ್ರುನ ಎರಡೂ ಕಡೆಯಿಂದ ಸುತ್ತುವರಿದ್ರೆ ಅಡ್ವಾಂಟೇಜ್, ಅಂದ್ರೆ ಎರಡು ದಾಳ ಹಾಕಿ ದೊಡ್ಡದು ತಗೊಳ್ಳೋ ಅವಕಾಶ, ಸಿಗತ್ತೆ. ಕೇಳೋಕೆ ಚೆಂದ. ಆದ್ರೆ ಬಾರ್ಬೇರಿಯನ್ ಅನ್ನೋ ಕ್ಲಾಸ್‌ಗೆ (ಕ್ಯಾರೆಕ್ಟರ್ ಬಗೆಗೆ) ಎರಡನೇ ಲೆವೆಲ್‌ನಲ್ಲಿ ರೆಕ್‌ಲೆಸ್ ಅಟ್ಯಾಕ್ ಅಂತ ಬರತ್ತೆ, ಶತ್ರುಗಳಿಗೂ ತನ್ನ ಮೇಲೆ ಅಡ್ವಾಂಟೇಜ್ ಬಿಟ್ಟುಕೊಟ್ಟು ತಾನು ಅಡ್ವಾಂಟೇಜ್ ತಗೊಳ್ಳೋದು, ಅದೇ ಆ ಕ್ಲಾಸ್‌ನ ಜೀವ. ಎರಡು ಹೆಜ್ಜೆ ನಡೆದು ಹಿಂದೆ ನಿಂತ್ರೆ ಎಲ್ಲಾರಿಗೂ ಅದು ಪುಕ್ಸಟ್ಟೆ ಸಿಗತ್ತೆ ಅಂದ್ರೆ ಬಾರ್ಬೇರಿಯನ್ ಆಡೋರು ಮೈಯೊಡ್ಡಿ ಏನು ಗಳಿಸಿದ್ರು? ಫ್ಲ್ಯಾಂಕಿಂಗ್ ಇಡ್ಲೇಬೇಡಿ ಅಂತ ಹೇಳ್ತಿಲ್ಲ, ನಿಮ್ಮ ಟೇಬಲ್‌ನಲ್ಲಿ ಬಾರ್ಬೇರಿಯನ್ ಇದಾರಾ ಅಂತ ನೋಡಿ ಇಡಿ.

ಈ ಹಂತಕ್ಕೆ ಇರೋ ಒಂದೇ ಹೋಂವರ್ಕ್, ಪ್ರತಿಯೊಬ್ರ ಕ್ಯಾರೆಕ್ಟರ್ ಶೀಟ್ ತಗೊಂಡು ಮನೇಲಿ ಒಂದ್ಸಲ ಪೂರ್ತಿ ಓದಿ. ಇಡೀ ರೂಲ್‌ಬುಕ್ ಬಾಯಿಪಾಠ ಮಾಡೋದಕ್ಕಿಂತ ಇದು ಹತ್ತುಪಟ್ಟು ಉಪಯೋಗ.

ಹಂತ 3: ಪುಸ್ತಕ ಸುಮ್ಮನಿದ್ದಾಗ ತೀರ್ಮಾನ ಕೊಡೋದು

ಈಗ ವಾಪಸ್ ಗೇಟ್ ಹತ್ರ ಹೋಗೋಣ, ಯಾಕಂದ್ರೆ ಇಡೀ ಗೈಡ್‌ನಲ್ಲಿ ನಾನು ಜಾಸ್ತಿ ಹೊತ್ತು ನಿಲ್ಬೇಕು ಅನ್ಕೊಂಡಿರೋದು ಇಲ್ಲೇ.

ಮೊದ್ಲು ಕೇಳಿ, "ನಿಂಗೆ ಏನಾಗ್ಬೇಕು?" ಓಗರ್ ಸಾಯ್ಬೇಕಾ, ಸಿಕ್ಕಾಕ್ಕೊಳ್ಬೇಕಾ, ಅಥವಾ ಗೇಟು ಮುಚ್ಚಿ ಹಿಂದಿರೋರು ಬರ್ದೇ ಇದ್ರೆ ಸಾಕಾ? ಈ ಪ್ರಶ್ನೆ ಕೇಳದೆ ಹೋದ್ರೆ ಆಡೋನ ತಲೇಲಿ ಒಂದು, ನಿಮ್ಮ ತಲೇಲಿ ಇನ್ನೊಂದು, ದಾಳ ಬಿದ್ಮೇಲೆ ಜಗಳ. ನಮ್ಮ ಫೈಟರ್ "ಸಿಕ್ಕಾಕ್ಕೊಂಡ್ರೆ ಸಾಕು, ನಾವು ಪಕ್ಕದಿಂದ ನುಸುಳಿ ಹೋಗ್ತೀವಿ" ಅಂದ ಅನ್ಕೊಳ್ಳಿ.

ಆಮೇಲೆ ಪುಸ್ತಕದಲ್ಲಿ ಹತ್ತಿರದ ಸಂಬಂಧಿ ಯಾರು ನೋಡಿ. ಗೇಟ್ ಬಗ್ಗೆ ಇಲ್ಲ, ಆದ್ರೆ ಅಪಾಯಗಳಿಗೆ ಡ್ಯಾಮೇಜ್ ಎಷ್ಟು ಅಂತ ಲೆವೆಲ್ ಪ್ರಕಾರ ಒಂದು ಪಟ್ಟಿ ಇದೆ. 1ರಿಂದ 4ನೇ ಲೆವೆಲ್‌ವರೆಗೆ ಸಣ್ಣ ಪೆಟ್ಟಿಗೆ 1ಡಿ10 (ಹತ್ತು ಮುಖದ ಒಂದು ದಾಳ), ಅಪಾಯದ್ದಕ್ಕೆ 2ಡಿ10, ಪ್ರಾಣ ತೆಗೆಯೋ ಅಂಥದ್ದಕ್ಕೆ 4ಡಿ10. ಕಬ್ಬಿಣದ ಗೇಟು ತಲೆ ಮೇಲೆ ಬೀಳೋದು 4ಡಿ10 ಅಂತ ನಾನು ಹೇಳ್ತೀನಿ, ಸರಾಸರಿ 22. ಪುಸ್ತಕದ ಓಗರ್‌ಗೆ 59 ಎಚ್‌ಪಿ (ಹಿಟ್ ಪಾಯಿಂಟ್, ಸೊನ್ನೆ ಆದ್ರೆ ಬಿದ್ದಂಗೆ), ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಂದೇ ಏಟಿಗೆ ಹೋಗತ್ತೆ, ಫೈಟರ್‌ನ ಮಾಮೂಲಿ ಕತ್ತಿ ಏಟಿಗಿಂತ ತುಂಬಾನೇ ಒಳ್ಳೇದು. ಅದು ಹಂಗೇ ಇರ್ಬೇಕು. ಸುತ್ತಮುತ್ತ ನೋಡಿ ಯೋಚನೆ ಮಾಡಿದೋನಿಗೆ ಬರೀ ಕತ್ತಿ ಬೀಸಿದೋನಿಗಿಂತ ಕಮ್ಮಿ ಸಿಕ್ರೆ ಮುಂದಿನ ಸಲ ಯಾರೂ ಸುತ್ತಮುತ್ತ ನೋಡಲ್ಲ.

ಕಷ್ಟ ಎಷ್ಟು ಅಂತ ತೀರ್ಮಾನ ಮಾಡೋದಕ್ಕೆ ಪುಸ್ತಕದ ಏಣಿ ಸಾಕು, ಸುಲಭ 10, ಮಧ್ಯಮ 15, ಕಷ್ಟ 20. ಇದಕ್ಕೆ ಡಿಸಿ ಅಂತಾರೆ, ಇಪ್ಪತ್ತು ಮುಖದ ದಾಳದಲ್ಲಿ ಬಿದ್ದಿದ್ದಕ್ಕೆ ಕ್ಯಾರೆಕ್ಟರ್‌ನ ಬೋನಸ್ ಸೇರಿಸಿ ಅಷ್ಟು ಅಥವಾ ಜಾಸ್ತಿ ಬರ್ಬೇಕು. ಈ ನಂಬರ್‌ಗಳ ಹಿಂದಿರೋ ಲೆಕ್ಕ ಒಂದ್ಸಲ ತಲೇಲಿ ಕೂರ್ಬೇಕು. +5 ಇರೋ ಕ್ಯಾರೆಕ್ಟರ್‌ಗೆ ಡಿಸಿ 10 ಅಂದ್ರೆ ನೂರಕ್ಕೆ 80 ಸಲ ಆಗತ್ತೆ, 15 ಅಂದ್ರೆ 55, 20 ಅಂದ್ರೆ 30. ಡಿಸಿ 15 ಇಟ್ಟು ಅಡ್ವಾಂಟೇಜ್ ಕೊಟ್ರೆ, ಅಂದ್ರೆ ಎರಡು ದಾಳ ಹಾಕಿ ದೊಡ್ಡದು ತಗೊಂಡ್ರೆ, ಹೆಚ್ಚುಕಮ್ಮಿ 80 ಆಗತ್ತೆ, ಡಿಸ್‌ಅಡ್ವಾಂಟೇಜ್ ಕೊಟ್ರೆ, ಅಂದ್ರೆ ಎರಡರಲ್ಲಿ ಚಿಕ್ಕದು ತಗೊಂಡ್ರೆ, 30. ಅಂದ್ರೆ ಈ ಮಟ್ಟದಲ್ಲಿ ಅಡ್ವಾಂಟೇಜ್ ಅನ್ನೋದು ಏಣಿಲಿ ಒಂದು ಮೆಟ್ಟಿಲು ಇಳಿದಂಗೆ. ಅದಕ್ಕೆ ನಾನು ಅನುಮಾನ ಇದ್ದಾಗ ಡಿಸಿ 15 ಅಂತಾನೇ ಇಟ್ಬಿಡ್ತೀನಿ, ಆಡೋರು ಒಳ್ಳೆ ಐಡಿಯಾ ಹೇಳಿದ್ರೆ ಅಡ್ವಾಂಟೇಜ್, ಪರಿಸ್ಥಿತಿ ಕೆಟ್ಟಿದ್ರೆ ಡಿಸ್‌ಅಡ್ವಾಂಟೇಜ್. ತಲೆ ಕೆಡಿಸ್ಕೊಳ್ಳೋ ಅಗತ್ಯನೇ ಇಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ದಾಳ ಹಾಕೋಕೆ ಮುಂಚೆ ಎಲ್ಲಾನೂ ಬಾಯ್ಬಿಟ್ಟು ಹೇಳಿ. "ಸರಪಳಿ ತುಕ್ಕು ಹಿಡಿದಿದೆ, ಅಥ್ಲೆಟಿಕ್ಸ್ ಹಾಕು, 15 ಬೇಕು. ಬಿದ್ರೆ ಗೇಟು ಕೆಳಗೆ ಬರತ್ತೆ, ಓಗರ್ ತಪ್ಪಿಸ್ಕೊಳ್ಳೋಕೆ ಡೆಕ್ಸ್ಟೆರಿಟಿ ಸೇವ್ ಹಾಕತ್ತೆ, ತಪ್ಪಿಸ್ಕೊಳ್ಳಿಲ್ಲ ಅಂದ್ರೆ 4ಡಿ10 ಮತ್ತೆ ಕೆಳಗೆ ಸಿಕ್ಕಾಕ್ಕೊಳ್ಳತ್ತೆ, ತಪ್ಪಿಸ್ಕೊಂಡ್ರೆ ಗೇಟು ಬಿದ್ದಿರತ್ತೆ ಆದ್ರೆ ಓಗರ್ ನಿಮ್ಮ ಕಡೆನೇ ಇರತ್ತೆ. ನಿಂಗೆ 15 ಬರ್ಲಿಲ್ಲ ಅಂದ್ರೆ ಸರಪಳಿ ಅರ್ಧ ಹರಿದಿರತ್ತೆ, ಸದ್ದಿಗೆ ಓಗರ್ ನಿನ್ನ ಕಡೆ ತಿರುಗತ್ತೆ. ಮಾಡ್ತೀಯಾ?" ಆ "ಮಾಡ್ತೀಯಾ" ಇದೆಯಲ್ಲ, ಅದನ್ನ ಬಿಡ್ಬೇಡಿ. ಅವನು ಬೇಡ ಅನ್ನೋ ಹಕ್ಕು ಅಲ್ಲಿದೆ. ಹೂಂ ಅಂದ್ಮೇಲೆ ಆ ತೀರ್ಮಾನ ಬರೀ ನಿಮ್ಮದಾಗಿ ಉಳಿಯಲ್ಲ, ಅವನದ್ದೂ ಆಗತ್ತೆ, ದಾಳ ಕೈಕೊಟ್ರೂ ನಿಮ್ಮ ಮೇಲೆ ಸಿಟ್ಟು ಬರಲ್ಲ.

ಇಷ್ಟೆಲ್ಲ ಹೇಳೋಕೆ ಅರ್ಧ ನಿಮಿಷ ಸಾಕು. ಮೊದಮೊದ್ಲು ತಡವರಿಸ್ತೀರ, ನಾಲ್ಕೈದು ಸೆಷನ್ ಆದ್ಮೇಲೆ ನಾಲಿಗೆ ತಾನಾಗೇ ಹೊರಳತ್ತೆ.

ಹಂತ 4: ಎಷ್ಟು ಸಲ ದಾಳ ಹಾಕಿಸ್ತೀರ ಅನ್ನೋದನ್ನ ಗಮನಿಸಿ

ಇದು ಯಾರ ಕಣ್ಣಿಗೂ ಬೀಳದ ಅಧಿಕಾರ. ಡಿಸಿ ಎಷ್ಟು ಅಂತ ಎಲ್ಲಾರೂ ಕೇಳ್ತಾರೆ, ಎಷ್ಟು ಸಲ ಹಾಕ್ಬೇಕು ಅಂತ ಯಾರೂ ಕೇಳಲ್ಲ, ಆದ್ರೆ ಅದರಲ್ಲೇ ಸೋಲು ಗೆಲುವು ಇರೋದು. ಗುಂಪಲ್ಲಿರೋ ನಾಲ್ಕೂ ಜನ, ಕಾವಲುಗಾರರ ಕಣ್ಣು ತಪ್ಪಿಸಿ ಹೋಗ್ಬೇಕು, ಒಬ್ಬೊಬ್ರಿಗೂ ನೂರಕ್ಕೆ 70 ಛಾನ್ಸ್ ಇದೆ ಅನ್ಕೊಳ್ಳಿ, ಒಳ್ಳೆ ಛಾನ್ಸೇ. ನಾಲ್ಕೂ ಜನ ಹಾಕಿ ನಾಲ್ಕೂ ಜನ ಗೆಲ್ಬೇಕು ಅಂದ್ರೆ ಗುಂಪು ತಪ್ಪಿಸ್ಕೊಳ್ಳೋ ಛಾನ್ಸ್ 24ಕ್ಕೆ ಇಳಿಯತ್ತೆ. ಪುಸ್ತಕದಲ್ಲಿರೋ ಗ್ರೂಪ್ ಚೆಕ್ ಬಳಸಿದ್ರೆ, ಅಂದ್ರೆ ಅರ್ಧ ಜನ ಗೆದ್ರೆ ಎಲ್ಲಾರೂ ಗೆದ್ದಂಗೆ, ಅದೇ ಛಾನ್ಸ್ ಹೆಚ್ಚುಕಮ್ಮಿ 92 ಆಗತ್ತೆ. ಅದೇ ಜನ, ಅದೇ ಕಾವಲುಗಾರರು, ಅದೇ ಡಿಸಿ!

ಒಬ್ಬಳೇ ರೋಗ್ (ಕದ್ದು ನುಸುಳೋದ್ರಲ್ಲಿ, ಬೀಗ ತೆಗೆಯೋದ್ರಲ್ಲಿ ಚುರುಕಾದ ಕ್ಯಾರೆಕ್ಟರ್) ಹೋಗ್ತಿದ್ರೂ ಅಷ್ಟೇ. ಬಾಗಿಲ ಹತ್ರ ಒಂದ್ಸಲ, ಮೆಟ್ಟಿಲ ಹತ್ರ ಒಂದ್ಸಲ, ಕಾರಿಡಾರ್‌ನಲ್ಲಿ ಒಂದ್ಸಲ ಅಂತ ಐದು ಸಲ ಹಾಕ್ಸಿದ್ರೆ 70 ಹೋಗಿ 17 ಆಗತ್ತೆ, ಅಂದ್ರೆ ಸಿಕ್ಕಿಬೀಳೋ ತನಕ ಹಾಕಿಸ್ತಾ ಇದೀರ ಅಂತ ಅರ್ಥ, ನೀವು ಹಂಗೆ ಅನ್ಕೊಂಡಿಲ್ದೇ ಇದ್ರೂ. ಬರ್ನಿಂಗ್ ವೀಲ್ ಅನ್ನೋ ಆಟದಲ್ಲಿ ಇದಕ್ಕೆ ಒಂದು ಒಳ್ಳೆ ರೂಲ್ ಇದೆ, ಒಂದ್ಸಲ ಹಾಕಿದ ದಾಳ ಪರಿಸ್ಥಿತಿ ನಿಜವಾಗ್ಲೂ ಬದಲಾಗೋ ತನಕ ನಡೀತಾ ಇರತ್ತೆ. ಯಾವ ಆಟ ಆಡ್ಸಿದ್ರೂ ಇದನ್ನ ಎರವಲು ತಗೊಳ್ಳಿ. ಸೋತ್ರೂ ಏನೂ ಆಗಲ್ಲ ಅನ್ನೋ ಕಡೆ ದಾಳನೇ ಬೇಡ, ಮೂರು ಗಂಟೆ ಟೈಮ್ ಇದ್ದು ಯಾರೂ ನೋಡ್ತಿಲ್ಲ ಅಂದ್ರೆ ರೋಗ್ ಆ ಬೀಗ ತೆಗೀತಾಳೆ, ತೆಗೆದ್ಲು ಅಂತ ಹೇಳಿ ಮುಂದೆ ಹೋಗಿ.

ಹಂತ 5: ಬಿದ್ದ ಗರಕ್ಕೆ ತಲೆಬಾಗಿ

ಇಲ್ಲಿ ನನ್ನ ಅಭಿಪ್ರಾಯ ಗಟ್ಟಿ, ಒಪ್ಪದೇ ಇರೋ ಒಳ್ಳೆ ಜಿಎಂಗಳೂ ಇದಾರೆ. ಸ್ಕ್ರೀನ್ ಹಿಂದೆ, ಅಂದ್ರೆ ಆಡೋರಿಗೆ ಕಾಣದ ಹಾಗೆ ಜಿಎಂ ಇಟ್ಕೊಳ್ಳೋ ಅಡ್ಡಪರದೆ ಹಿಂದೆ, ದಾಳ ಹಾಕಿ, ಬಿದ್ದಿದ್ದು ಒಂದು, ಹೇಳಿದ್ದು ಇನ್ನೊಂದು ಮಾಡೋದು ಬೇಡ.

ನಾನೂ ಮಾಡಿದೀನಿ. ಒಂದು ಟ್ರೋಲ್ ಜೊತೆ ಫೈಟು, ರೋಗ್‌ಗೆ 9 ಎಚ್‌ಪಿ ಉಳಿದಿತ್ತು, ನಂಗೆ ಬಿದ್ದಿದ್ದು ಅವಳನ್ನ ಕೆಡವೋ ಅಷ್ಟು ದೊಡ್ಡ ನಂಬರ್, ಅವಳ ಕತೆ ತುಂಬಾ ಚೆನ್ನಾಗಿ ಬರ್ತಿತ್ತು ಅಂತ "4" ಅಂದ್ಬಿಟ್ಟೆ. ಯಾರೂ ಏನೂ ಅನ್ಲಿಲ್ಲ. ಎರಡು ವಾರ ಆದ್ಮೇಲೆ ಎಲ್ಲಾರೂ ಎದ್ದು ಹೋದ್ಮೇಲೆ ಅವಳು ದಾಳ ಚೀಲಕ್ಕೆ ಹಾಕ್ತಾ ಕೇಳಿದ್ಲು, "ಅವತ್ತು ನಾನು ಬಿದ್ದೋಗ್ಬೇಕಿತ್ತು ಅಲ್ವಾ?" ಟ್ರೋಲ್ ಅದಕ್ಕೆ ಮುಂಚೆ ಹೊಡೆದಿದ್ದೆಲ್ಲ ಹತ್ತರ ಮೇಲೇ ಇತ್ತು, ಅವಳು ಲೆಕ್ಕ ಇಟ್ಟಿದ್ಲು. ನಂಗೆ ಉತ್ತರ ಹೊರಡ್ಲಿಲ್ಲ. ಅದಕ್ಕಿಂತ ಬೇಜಾರಾಗಿದ್ದು ಏನು ಅಂದ್ರೆ, ಅದಕ್ಕೂ ಮುಂಚೆ ಅವಳು ನಿಜವಾಗ್ಲೂ ಕೂದಲೆಳೆಲಿ ಬದುಕಿ ಉಳ್ಕೊಂಡಿದ್ದ ಎರಡು ಫೈಟಿನ ಮೇಲೂ ಅವಳಿಗೆ ಅನುಮಾನ ಬಂತು. ಬೇಲಿನೇ ಎದ್ದು ಹೊಲ ಮೇಯ್ದಂಗೆ ಆಯ್ತು ನಾನು ಮಾಡಿದ್ದು. ಆಗಿಂದ ಫೈಟ್‌ನಲ್ಲಿ ನನ್ನ ದಾಳ ಎಲ್ಲಾರ ಮುಂದೇನೇ ಬೀಳತ್ತೆ.

ಹಾಗಂತ ಕೈ ಕಟ್ಕೊಂಡು ಕೂರ್ಬೇಕಾಗಿಲ್ಲ, ದಾಳಕ್ಕೆ ಮುಂಚೆ ಬೇಕಾದಷ್ಟು ಜಾಗ ಇದೆ. ಓಗರ್‌ಗೆ 59 ಅಂತ ಪುಸ್ತಕದಲ್ಲಿದ್ರೂ ಪಕ್ಕದಲ್ಲೇ 7ಡಿ10+21 ಅಂತ ಬರ್ದಿರತ್ತೆ, ಅಂದ್ರೆ 28ರಿಂದ 91ರ ತನಕ ಯಾವ ಓಗರ್ ಬೇಕಾದ್ರೂ ಇರ್ಬಹುದು. ಗುಂಪು ಈಗಾಗ್ಲೇ ಸುಸ್ತಾಗಿದ್ರೆ ಕುಂಟ್ತಾ ಇರೋ, ಹಳೇ ಗಾಯ ಇರೋ 35 ಎಚ್‌ಪಿ ಓಗರ್ ಇಡಿ, ಫೈಟು ಶುರು ಆಗೋ ಮುಂಚೆ ಶೀಟಲ್ಲಿ ಬರೆದಿಟ್ಕೊಳ್ಳಿ, ಆಡೋರಿಗೆ ಅದರ ಕುಂಟು ಕಾಣೋ ಥರ ಹೇಳಿ. ಫೈಟು ಅರ್ಧದಲ್ಲಿದ್ದಾಗ 59ನ ಸದ್ದಿಲ್ದೆ 35 ಮಾಡೋದು ಬೇಡ. ಎರಡಕ್ಕೂ ಹೊರಗಿಂದ ವ್ಯತ್ಯಾಸ ಕಾಣಲ್ಲ, ಒಳಗೆ ತುಂಬಾ ಇದೆ, ಮೊದಲನೇದು ಜಗತ್ತು ಕಟ್ಟೋದು, ಎರಡನೇದು ಆಡೋರ ಏಟುಗಳಿಗೆ ಬೆಲೆ ಇಲ್ಲದಂಗೆ ಮಾಡೋದು.

ಇನ್ನೂ ಇದೆ. ಶತ್ರುಗಳು ಸಾಯೋ ತನಕ ಹೊಡೆದಾಡ್ಲೇಬೇಕು ಅಂತ ಎಲ್ಲೂ ಇಲ್ಲ, ನಾಯಕ ಬಿದ್ರೆ ಗಾಬ್ಲಿನ್‌ಗಳು ಓಡ್ಬಹುದು. ಗೆದ್ದೋರು ಸೋತೋರನ್ನ ಸೆರೆ ಹಿಡೀಬಹುದು, ಹತ್ತಿರದಿಂದ ಹೊಡೆದು ಬೀಳಿಸಿದೋರು ಕೊಲ್ಲೋ ಬದಲು ಪ್ರಜ್ಞೆ ತಪ್ಪಿಸ್ಬಹುದು ಅಂತ ರೂಲ್‌ನಲ್ಲೇ ಇದೆ. ಎಚ್‌ಪಿ ಸೊನ್ನೆಗೆ ಬಂದ್ಮೇಲೂ ಡೆತ್ ಸೇವ್, ಅಂದ್ರೆ ಜೀವ ಉಳಿಸ್ಕೊಳ್ಳೋಕೆ ಹಾಕೋ ದಾಳ, ಇದಾವೆ, ಮೂರು ಸಲ ಸೋಲೋ ತನಕ ಜೀವ ಇರತ್ತೆ, ಗೆಳೆಯರು ಓಡಿ ಬರೋಕೆ ಅಷ್ಟು ಹೊತ್ತು ಸಾಕು. ಅವತ್ತು ಟ್ರೋಲ್ ಮುಂದೆ ಅವಳು ಬಿದ್ದಿದ್ರೆ ಉಳಿದ ಮೂರು ಜನ ಅವಳನ್ನ ಎಳ್ಕೊಂಡು ಬರೋಕೆ ಪರದಾಡೋದು ನಾನು ಬರ್ಕೊಂಡಿದ್ದ ಕತೆಗಿಂತ ಚೆನ್ನಾಗಿರ್ತಿತ್ತು, ಈಗ ಅನ್ಸತ್ತೆ.

ಹಂತ 6: ಪುಸ್ತಕಕ್ಕೆ ಒಂದೇ ನಿಮಿಷ

ರೂಲ್ ಇದೆ ಅಂತ ಗೊತ್ತು, ನೆನಪಿಲ್ಲ. ಒಂದು ನಿಮಿಷ ನೋಡಿ, ಸಿಗ್ಲಿಲ್ಲ ಅಂದ್ರೆ ಹಂತ 3ರ ಥರ ತೀರ್ಮಾನ ಕೊಟ್ಟು "ಇವತ್ತಿಗೆ ಹಿಂಗೆ, ಮುಂದಿನ ವಾರದೊಳಗೆ ಓದ್ಕೊಂಡು ಬರ್ತೀನಿ" ಅಂತ ಹೇಳಿ ನೋಟ್‌ಬುಕ್‌ನಲ್ಲಿ ಒಂದು ಸಾಲು ಬರ್ಕೊಳ್ಳಿ. ಅನುಮಾನ ಇದ್ರೆ ಆಡೋರ ಪರವಾಗೇ ತೀರ್ಮಾನ ಇರ್ಲಿ. ಒಂದೇ ಒಂದು ಕಡೆ ಈ ನಿಮಿಷದ ಲೆಕ್ಕ ಬೇಡ, ಯಾರದ್ದಾದ್ರೂ ಕ್ಯಾರೆಕ್ಟರ್ ಸಾಯೋ ಪರಿಸ್ಥಿತಿ ಇದ್ರೆ ಆಟ ನಿಲ್ಸಿ, ಸಿಗೋ ತನಕ ಹುಡುಕಿ, ಎಷ್ಟೊತ್ತಾದ್ರೂ ಸರಿ.

ಮುಂದಿನ ಸೆಷನ್ ಶುರುಲಿ ಆ ಸಾಲನ್ನ ಓದಿ ಹೇಳಿ. ಆವತ್ತು ತಪ್ಪು ಹೇಳಿದ್ದೆ ಅಂತ ಗೊತ್ತಾದ್ರೆ ಹಾಗೇ ಒಪ್ಕೊಳ್ಳಿ, ಆದ್ರೆ ನಡೆದು ಹೋಗಿದ್ದನ್ನ ವಾಪಸ್ ತಿರುಗಿಸ್ಬೇಡಿ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು, ಹೋದ ವಾರದ್ದು ಹೋದ ವಾರಕ್ಕೆ.

ರೂಲ್ಸ್ ಬಗ್ಗೆ ಪದೇ ಪದೇ ಎದುರು ಮಾತಾಡೋರು ಎಲ್ಲಾ ಟೇಬಲ್‌ನಲ್ಲೂ ಒಬ್ರು ಇರ್ತಾರೆ. ಅವ್ರನ್ನ ಶತ್ರು ಥರ ನೋಡ್ಬೇಡಿ, ಅವ್ರಿಗೆ ಆಟದ ಮೇಲೆ ಪ್ರೀತಿ ಇದೆ, ಅದಕ್ಕೇ ಓದಿದಾರೆ. ಪುಟ ಹುಡುಕೋ ಕೆಲಸ ಅವ್ರಿಗೇ ಕೊಡಿ. "ಇದಕ್ಕೆ ರೂಲ್ ಏನಿದೆ ನೋಡಿ ಹೇಳ್ತೀರಾ" ಅಂತ ನೀವಾಗೇ ಕೇಳಿದ ದಿನದಿಂದ ಜಗಳ ಅರ್ಧಕ್ಕರ್ಧ ಕಮ್ಮಿ ಆಗತ್ತೆ.

ಹಂತ 7: ಹೌಸ್ ರೂಲ್ ತರೋ ಮುಂಚೆ ಲೆಕ್ಕ ಹಾಕಿ

ಒಂದೇ ಥರದ ತೀರ್ಮಾನ ಮೂರನೇ ಸಲ ಕೊಡ್ತಿದೀರ ಅಂದ್ರೆ ಅದನ್ನ ಹೌಸ್ ರೂಲ್, ಅಂದ್ರೆ ನಿಮ್ಮ ಟೇಬಲ್‌ನ ಸ್ವಂತ ರೂಲ್, ಅಂತ ಬರೆದಿಡೋ ಕಾಲ ಬಂದಿದೆ ಅಂತ. ಬರೆಯೋಕೆ ಮುಂಚೆ ಎರಡು ಉದಾಹರಣೆ ನೋಡಿ.

ಮೊದಲನೇದು ಫಂಬಲ್, ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ರೆ ಕತ್ತಿ ಕೈಯಿಂದ ಜಾರತ್ತೆ ಅಥವಾ ಪಕ್ಕದೋರಿಗೆ ತಾಗತ್ತೆ ಅನ್ನೋದು, ತುಂಬಾ ಟೇಬಲ್‌ಗಳಲ್ಲಿದೆ. ಒಂದು ಅಟ್ಯಾಕ್ ಇರೋ ಹೊಸ ಫೈಟರ್‌ಗೆ ಒಂದು ಟರ್ನ್‌ನಲ್ಲಿ ಹಂಗಾಗೋ ಛಾನ್ಸ್ ನೂರಕ್ಕೆ 5. ಹನ್ನೊಂದನೇ ಲೆವೆಲ್‌ಗೆ ಮೂರು ಅಟ್ಯಾಕ್, ಛಾನ್ಸ್ 14. ಇಪ್ಪತ್ತನೇ ಲೆವೆಲ್‌ಗೆ ನಾಲ್ಕು ಅಟ್ಯಾಕ್, ಛಾನ್ಸ್ 18 ದಾಟತ್ತೆ. ಅಂದ್ರೆ ಜಗತ್ತಿನಲ್ಲೇ ದೊಡ್ಡ ಕತ್ತಿವೀರ ಸರಾಸರಿ ಐದಾರು ಟರ್ನ್‌ಗೊಂದ್ಸಲ ಕತ್ತಿ ಬೀಳಿಸ್ಕೊಳ್ತಾನೆ, ನಿನ್ನೆ ಮೊನ್ನೆ ಕಲಿತೋನಿಗಿಂತ ಜಾಸ್ತಿ. ಅದೇ ಹೊತ್ತಿಗೆ ಶತ್ರುಗಳ ಕೈಲಿ ಸೇವ್ ಹಾಕಿಸೋ ಸ್ಪೆಲ್‌ಗಳನ್ನೇ ಬಿಡೋ ವಿಝಾರ್ಡ್ ದಾಳ ಮುಟ್ಟೋದೇ ಇಲ್ಲ, ಅವನಿಗೆ ಫಂಬಲ್ಲೇ ಇಲ್ಲ. ಯಾರೂ ಕೆಟ್ಟ ಮನಸ್ಸಿಂದ ಈ ರೂಲ್ ತರಲ್ಲ, ಲೆಕ್ಕ ಹಾಕದೆ ತರ್ತಾರೆ.

ಎರಡನೇದು ಪೋಷನ್. 2014ರ ರೂಲ್ಸ್‌ನಲ್ಲಿ ಹೀಲಿಂಗ್ ಪೋಷನ್ (ಗಾಯ ಮಾಯಿಸೋ ಮದ್ದು) ಕುಡಿಯೋಕೆ ಇಡೀ ಆಕ್ಷನ್ ಬೇಕು, ಸಿಗೋದು 2ಡಿ4+2, ಸರಾಸರಿ 7. ತನ್ನ ಸರದಿ ಪೂರ್ತಿ ಕಳ್ಕೊಂಡು 7 ಎಚ್‌ಪಿ ತಗೊಳ್ಳೋದು ಯಾರಿಗೂ ಇಷ್ಟ ಆಗ್ತಿರ್ಲಿಲ್ಲ, ಪೋಷನ್‌ಗಳು ಬ್ಯಾಗಲ್ಲೇ ಉಳೀತಿದ್ವು, ಹಂಗಾಗಿ ಬೋನಸ್ ಆಕ್ಷನ್‌ನಲ್ಲಿ ಕುಡೀಬಹುದು ಅಂತ ಎಷ್ಟೋ ಟೇಬಲ್‌ಗಳು ತಾವೇ ಮಾಡ್ಕೊಂಡ್ವು. 2024ರ ಹೊಸ ಪುಸ್ತಕದಲ್ಲಿ ಅದು ಬೋನಸ್ ಆಕ್ಷನ್ನೇ. ಈ ಹೌಸ್ ರೂಲ್ ಯಾರ ಶಕ್ತಿನೂ ದೊಡ್ಡದಾಗಿ ಕಸ್ಕೊಳ್ಳಲ್ಲ, ಎಲ್ಲಾರಿಗೂ ಒಂದೇ ಥರ, ಟರ್ನ್ ಉದ್ದ ಮಾಡಲ್ಲ. ನಿಮ್ಮ ಹೌಸ್ ರೂಲ್ ಈ ಕಡೇದಾ, ಫಂಬಲ್ ಕಡೇದಾ ಅಂತ ತೂಗಿ ನೋಡಿ.

ತರೋದಾದ್ರೆ ಮೂರು ಸೆಷನ್ ಪ್ರಯೋಗಕ್ಕೆ ಅಂತ ಹೇಳಿ ತನ್ನಿ, ಆಮೇಲೆ ಎಲ್ಲಾರನ್ನೂ ಕೇಳಿ. ಮಧ್ಯದಲ್ಲಿ ಒಬ್ರ ಕ್ಯಾರೆಕ್ಟರ್ ದುರ್ಬಲ ಆಗೋ ಥರ ರೂಲ್ ಬದಲಾದ್ರೆ ಅವ್ರಿಗೆ ಸ್ಪೆಲ್ಲೋ ಫೀಟೋ ಬದಲಾಯಿಸ್ಕೊಳ್ಳೋಕೆ ಬಿಡಿ, ದಂಡ ಇಲ್ದೆ.

ಹಂತ 8: ಸ್ವಾತಂತ್ರ್ಯನ ಅದು ಮೊಳಕೆ ಒಡೆಯೋ ಜಾಗದಲ್ಲಿ ಬಿತ್ತಿ

ಜಿಎಂಗಳು ಎಚ್‌ಪಿ, ಡಿಸಿ ಅಂತ ನಂಬರ್‌ಗಳಲ್ಲೇ ಸ್ವಾತಂತ್ರ್ಯ ಹುಡುಕ್ತಾರೆ, ಅಲ್ಲಿ ಇರೋದೇ ಸ್ವಲ್ಪ. ರೂಲ್‌ಬುಕ್ ಒಂದಕ್ಷರಾನೂ ಬರೀದೇ ಇರೋ ವಿಷ್ಯಗಳನ್ನ ನೋಡಿ: ಆ ಓಗರ್ ಯಾಕೆ ಗೇಟ್ ಕಾಯ್ತಿದೆ? ಯಾರ ಸಾಲ ತೀರಿಸ್ತಿದೆ? ಗೇಟು ಬಿದ್ದ ಸದ್ದು ಕೋಟೆ ಒಳಗೆ ಯಾರಿಗೆ ಕೇಳ್ತು, ಅವ್ರು ಹೆದರಿ ಬಾಗಿಲು ಹಾಕ್ಕೊಂಡ್ರಾ ಅಥವಾ ದೀಪ ಆರಿಸಿ ಕಾದು ಕೂತ್ರಾ? ಇಲ್ಲಿ ನಿಮ್ಮನ್ನ ಕೇಳೋರೇ ಇಲ್ಲ, ಪೂರ್ತಿ ನಿಮ್ಮದು. ಒಂದೇ ನಿಯತ್ತು ಬೇಕು, ಜಗತ್ತು ತನ್ನ ಮಾತಿಗೆ ತಾನು ನಿಲ್ಬೇಕು. ಹೋದ ತಿಂಗಳು ಲಂಚ ತಗೊಂಡ ಕಾವಲುಗಾರ ಈ ತಿಂಗಳು ಕಾರಣ ಇಲ್ದೆ ಪ್ರಾಮಾಣಿಕ ಆಗ್ಬಾರ್ದು, ಕಾರಣ ಇದ್ರೆ ಅದು ಆಡೋರ ಕೈಗೆ ಸಿಗೋ ಥರ ಎಲ್ಲಾದ್ರೂ ಇಟ್ಟಿರಿ.

ನನ್ನ ನೋಟ್‌ಬುಕ್‌ನಲ್ಲಿ ಪ್ರತಿ ಸೆಷನ್‌ಗೆ ಒಂದು ಪುಟ, ಮಧ್ಯೆ ಉದ್ದಕ್ಕೆ ಒಂದು ಗೆರೆ. ಎಡಗಡೆ ಅವತ್ತು ಕೊಟ್ಟ ತೀರ್ಮಾನಗಳು, ನಂಬರ್ ಸಮೇತ. ಬಲಗಡೆ ಆಡೋರು ಮಾಡಿದ್ದಕ್ಕೆ ಜಗತ್ತಿನಲ್ಲಿ ಏನು ಬದಲಾಯ್ತು ಅನ್ನೋದು. ಗೇಟ್ ಘಟನೆನ ಬರೆದ್ರೆ ಹಿಂಗಿರತ್ತೆ, ಎಡಕ್ಕೆ "ಸರಪಳಿ ಹರಿಯೋಕೆ ಅಥ್ಲೆಟಿಕ್ಸ್ 15, ಬೀಳೋ ಗೇಟು 4ಡಿ10", ಬಲಕ್ಕೆ "ಓಗರ್ ಬದುಕಿದೆ, ಎಡಗಾಲು ಗೇಟ್ ಕೆಳಗೆ ಜಜ್ಜಿದೆ, ಫೈಟರ್ ಮುಖ ನೆನಪಿಟ್ಕೊಂಡಿದೆ". ಮುಂದಿನ ಸೆಷನ್ ತಯಾರಿ ನಾನು ಶುರು ಮಾಡೋದು ಬಲಗಡೆಯ ಕೊನೇ ಸಾಲಿಂದ.